ಅಡುಗೆಮನೆ ಪ್ರಶ್ನೋತ್ತರ: ಚೋರಿಸ್ ನೂಡಲ್ಸ್ ಕ್ಯಾಸರೋಲ್, ಸಾಸ್ ಒಡೆಯದ ಹಾಗೆ

ಪ್ರಶ್ನೆ: ಗೋವಾದ ಮಾಪುಸಾ ಶುಕ್ರವಾರದ ಸಂತೆಯಿಂದ ಚೋರಿಸ್ (ಹಂದಿಮಾಂಸದ ಸಾಸೇಜ್) ಸರ ತಂದು, ವೈಟ್ ಸಾಸ್ ಮತ್ತು ನೂಡಲ್ಸ್ ಸೇರಿಸಿ, ಕ್ಯಾಸರೋಲ್ (ಪಾತ್ರೆಯಲ್ಲೇ ಬೇಕ್ ಮಾಡುವ ಖಾದ್ಯ) ಮಾಡಲು ಓವನ್‌ನಲ್ಲಿಟ್ಟೆ. ಸಾಸ್ ಒಡೆದು ಎಣ್ಣೆ ಬಿಟ್ಟಿತು, ನೂಡಲ್ಸ್ ಮುದ್ದೆಯಾಯಿತು, ಉಪ್ಪೂ ಜಾಸ್ತಿ. ನಾಲ್ಕು ಜನರ ರಾತ್ರಿ ಊಟಕ್ಕೆ ಸರಿಯಾದ ಅಳತೆ ತಿಳಿಸಿ. (ವಾಸ್ಕೋ)

ಉತ್ತರ: ಸಾಸ್ ಒಡೆದದ್ದಕ್ಕೂ ಉಪ್ಪಿಗೂ ಕಾರಣ ಚೋರಿಸ್. ಮುದ್ದೆಯಾದದ್ದು ನೂಡಲ್ಸನ್ನು ಪೂರ್ತಿ ಬೇಯಿಸಿದ್ದರಿಂದ.

ಗೋವಾದ ಚೋರಿಸ್ ಎಂದರೆ ಉಪ್ಪು, ವಿನೆಗರ್, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿಯಲ್ಲಿ ನೆನೆಸಿ ಒಣಗಿಸಿದ ಹಸಿ ಹಂದಿಮಾಂಸ. ಉಪ್ಪು, ಹುಳಿ, ಕೊಬ್ಬು ಮೂರೂ ಅದರಲ್ಲೇ ಇವೆ. ಆದ್ದರಿಂದ ಅದನ್ನು ಮೊದಲು ಬೇರೆಯಾಗಿಯೇ ಚೆನ್ನಾಗಿ ಬೇಯಿಸಬೇಕು. ಓವನ್‌ನಲ್ಲಿ ಬೇಯುತ್ತದೆ ಎಂದು ಹಸಿಯದನ್ನೇ ಸೇರಿಸಬೇಡಿ.

200 ಗ್ರಾಂ ಸಾಕು. ಸರದ ದಾರ ಕತ್ತರಿಸಿ, ಮೇಲಿನ ಸಿಪ್ಪೆ ಸೀಳಿ ತೆಗೆದು ಎಸೆಯಿರಿ. ಒಳಗಿನ ಮಾಂಸವನ್ನು ಬಿಡಿಸಿ, ಹೆಚ್ಚಿದ ಎರಡು ಈರುಳ್ಳಿ ಮತ್ತು ಒಂದು ಲೋಟ ನೀರಿನ ಜೊತೆ ಬಾಣಲೆಗೆ ಹಾಕಿ. ಎಣ್ಣೆಯೂ ಬೇಡ, ಉಪ್ಪೂ ಬೇಡ. ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ, ಮುಚ್ಚಳ ಹಾಕದೆ ಬೇಯಿಸಿ; ವಿನೆಗರ್‌ನ ಕಟುವಾಸನೆ ಹಾರಿಹೋಗಬೇಕು. ನೀರು ಮಧ್ಯದಲ್ಲೇ ಬತ್ತಿದರೆ ಸ್ವಲ್ಪ ಸೇರಿಸಿ. ಕೊನೆಗೆ ನೀರೆಲ್ಲ ಇಂಗಿ, ಬಾಣಲೆಯ ಅಂಚಿನಲ್ಲಿ ಕೆಂಪು ಕೊಬ್ಬು ಸಣ್ಣಗೆ ಚಟಪಟಗುಟ್ಟಲು ಶುರುವಾದರೆ ಆಯಿತು. ಎರಡು ಚಮಚದಷ್ಟು ಕೊಬ್ಬು ಉಳಿಸಿ, ಮಿಕ್ಕಿದ್ದನ್ನು ಬಸಿದಿಡಿ. ಮರುದಿನದ ಪಲಾವಿಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಇಲ್ಲ.

ಹಾಲಿಗೆ ಹುಳಿ ಬಿದ್ದರೆ ಒಡೆಯುವುದು ಸಹಜ. ಮೈದಾ ಹಾಕಿ ಕುದಿಸಿ ಗಟ್ಟಿಯಾದ ಹಾಲು ಅಷ್ಟು ಸುಲಭವಾಗಿ ಒಡೆಯುವುದಿಲ್ಲ, ಹಾಗಾಗಿ ಕ್ರಮ ಮುಖ್ಯ. 40 ಗ್ರಾಂ ಬೆಣ್ಣೆ ಕರಗಿಸಿ, 40 ಗ್ರಾಂ ಮೈದಾವನ್ನು ಹಸಿ ವಾಸನೆ ಹೋಗುವವರೆಗೆ ಎರಡು ನಿಮಿಷ ಹುರಿಯಿರಿ, ಬಣ್ಣ ಮಾತ್ರ ಬದಲಾಗಬಾರದು. 700 ಮಿ.ಲೀ. ಬೆಚ್ಚನೆ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಗಂಟಾಗದಂತೆ ಕದಡಿ, ಐದು ನಿಮಿಷ ಕುದಿಸಿ. ಒಲೆ ಆರಿಸಿದ ಮೇಲೆ 100 ಗ್ರಾಂ ತುರಿದ ಚೀಸ್, ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ಸೇರಿಸಿ. ಚೋರಿಸ್ ಬೆರೆಸುವುದು ಎಲ್ಲಕ್ಕಿಂತ ಕೊನೆಗೆ, ಅದೂ ಸ್ವಲ್ಪ ಆರಿದ ಮೇಲೆ. ಬೆರೆಸಿದ ನಂತರ ಮತ್ತೆ ಒಲೆಯ ಮೇಲಿಡಬೇಡಿ. ಟೊಮೆಟೊ ಬೇಡವೇ ಬೇಡ.

ಇನ್ನು ನೂಡಲ್ಸ್. ಅಮೆರಿಕದ ಮನೆಗಳಲ್ಲಿ ಇಂಥ ಕ್ಯಾಸರೋಲ್‌ಗೆ ಅಗಲವಾದ ಎಗ್ ನೂಡಲ್ಸ್ ಹಾಕುತ್ತಾರೆ. ಅದು ಸಿಗದಿದ್ದರೆ ಡ್ಯೂರಮ್ ಗೋಧಿಯ ಮ್ಯಾಕರೋನಿ ಅಥವಾ ಪೆನ್ನೆ 200 ಗ್ರಾಂ ತೆಗೆದುಕೊಳ್ಳಿ. ಮೈದಾದ ಹಕ್ಕಾ ನೂಡಲ್ಸ್ ಓವನ್‌ನಲ್ಲಿ ನಿಲ್ಲುವುದಿಲ್ಲ. ಎರಡು ಲೀಟರ್ ನೀರಿಗೆ ಒಂದೇ ಚಮಚ ಉಪ್ಪು. ಪ್ಯಾಕೆಟ್ ಮೇಲೆ 9 ನಿಮಿಷ ಎಂದಿದ್ದರೆ 6 ನಿಮಿಷಕ್ಕೇ ಬಸಿಯಿರಿ; ಕಚ್ಚಿ ನೋಡಿದರೆ ನಡುವೆ ಬಿಳಿ ಚುಕ್ಕೆ ಕಾಣಬೇಕು. ಉಳಿದದ್ದು ಸಾಸ್‌ನಲ್ಲಿ ಬೇಯುತ್ತದೆ. ಅದಕ್ಕಾಗಿಯೇ ಸಾಸ್ ಮಜ್ಜಿಗೆಹುಳಿಯಷ್ಟು ಸಡಿಲವಾಗಿರಬೇಕು. ನೀರಾಯಿತೆಂದು ಹೆದರಿ ಇನ್ನಷ್ಟು ಮೈದಾ ಹಾಕಿದರೆ ಕೊನೆಗೆ ಒಣ ಗಟ್ಟಿಯಾಗುತ್ತದೆ.

ಎಲ್ಲ ಬೆರೆಸಿ ಬೆಣ್ಣೆ ಸವರಿದ ಎರಡು ಲೀಟರ್ ಪಾತ್ರೆಗೆ ಸುರಿಯಿರಿ. ಹಿಂದಿನ ದಿನದ ಎರಡು ಪಾವ್ ಪುಡಿಮಾಡಿ, ಒಂದು ಚಮಚ ಬೆಣ್ಣೆಯಲ್ಲಿ ಕಲಸಿ ಮೇಲೆ ಉದುರಿಸಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಅಂಚಿನಲ್ಲಿ ಗುಳ್ಳೆಯೆದ್ದು ಮೇಲ್ಭಾಗ ಹೊಂಬಣ್ಣವಾದಾಗ ತೆಗೆದು, ಹತ್ತು ನಿಮಿಷ ಬಿಟ್ಟು ಬಡಿಸಿ. ಕೂಡಲೇ ತೆಗೆದರೆ ಸಾಸ್ ತಟ್ಟೆಯಲ್ಲಿ ಹರಿಯುತ್ತದೆ.

ಪ್ರಶ್ನೆ: ಓವನ್ ಇಲ್ಲ. ಗ್ಯಾಸ್ ಮೇಲೆ ಆಗುತ್ತದೆಯೇ? (ಪುಣೆ)

ಉತ್ತರ: ಆಗುತ್ತದೆ. ದಪ್ಪ ತಳದ ದೊಡ್ಡ ಪಾತ್ರೆಯೊಳಗೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ಒಳಗೆ ಸ್ಟೀಲ್ ಅಥವಾ ಅಲ್ಯೂಮಿನಿಯಂ ಪಾತ್ರೆ ಇಡಿ, ಗಾಜಿನದು ಬೇಡ. ಸಣ್ಣ ಉರಿಯಲ್ಲಿ 25 ನಿಮಿಷ ಬೇಕು. ಮೇಲ್ಭಾಗ ಮಾತ್ರ ಕೆಂಪಾಗುವುದಿಲ್ಲ, ಆದ್ದರಿಂದ ಪಾವ್ ಪುಡಿಯನ್ನು ತವಾ ಮೇಲೆ ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದು ಬಡಿಸುವಾಗ ಉದುರಿಸಿ.

ಪ್ರಶ್ನೆ: ಮಕ್ಕಳಿಗೆ ಖಾರ ಆಗದು. ಚಿಕನ್ ಸಾಸೇಜ್ ಹಾಕಬಹುದೇ? ಬೆಳಗ್ಗೆಯೇ ಮಾಡಿಟ್ಟು ಕೆಲಸದಿಂದ ಬಂದ ಮೇಲೆ ಬೇಕ್ ಮಾಡಬಹುದೇ? (ಮುಂಬೈ)

ಉತ್ತರ: ಎರಡೂ ಆಗುತ್ತದೆ. 250 ಗ್ರಾಂ ಸಾಸೇಜನ್ನು ಹಿಂದಿನ ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ಗಿಳಿಸಿ. ಬೆಂದದ್ದೋ ಹಸಿಯದೋ ಎಂದು ಪ್ಯಾಕೆಟ್ ನೋಡಿ. ಬೆಂದದ್ದಾದರೆ ಬಿಲ್ಲೆಗಳಾಗಿ ಕತ್ತರಿಸಿ, ಈರುಳ್ಳಿಯ ಜೊತೆ ಬೆಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿದರೆ ಸಾಕು. ಹಸಿಯದಾದರೆ ಚೋರಿಸ್‌ನಂತೆ ಮೊದಲೇ ಚೆನ್ನಾಗಿ ಬೇಯಿಸಿಕೊಳ್ಳಿ. ಇದರಲ್ಲಿ ಚೋರಿಸ್‌ನಷ್ಟು ರುಚಿಯಿಲ್ಲ. ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ, ರುಚಿ ನೋಡಿಯೇ ಉಪ್ಪು ಸೇರಿಸಿ, ಚೀಸ್‌ನಲ್ಲೂ ಉಪ್ಪಿರುತ್ತದೆ.

ಬೆಳಗ್ಗೆ ಮಾಡಿ ಫ್ರಿಜ್‌ನಲ್ಲಿಟ್ಟರೆ ಸಂಜೆಯೊಳಗೆ ಮ್ಯಾಕರೋನಿ ಸಾಸನ್ನೆಲ್ಲ ಹೀರಿಬಿಡುತ್ತದೆ. ಹಾಗಾಗಿ ಬೇಕ್ ಮಾಡುವ ಮುನ್ನ 150 ಮಿ.ಲೀ. ಹಾಲು ಬೆರೆಸಿ, ಪಾವ್ ಪುಡಿಯನ್ನು ಆಗಲೇ ಉದುರಿಸಿ. ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರವಾಗಿ ಕಾದ ಓವನ್‌ಗಿಟ್ಟರೆ ಸೀಳುವ ಅಪಾಯವಿದೆ. ಇದಕ್ಕೆ ಲೋಹದ ಪಾತ್ರೆಯೇ ವಾಸಿ. ತಣ್ಣಗಿರುವುದರಿಂದ 35ರಿಂದ 40 ನಿಮಿಷ ಹಿಡಿಯುತ್ತದೆ.