ಓದುಗರ ಪ್ರಶ್ನೆಗಳಿಗೆ ಉತ್ತರ: ಬೆಲೆ ಕಟ್ಟಬಾರದ ಗಜಮುತ್ತು

ಪ್ರಶ್ನೆ: ಮಾನ್ಯರೇ, ನಾವು ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನೆಲೆಸಿದ್ದೇವೆ. ಪ್ರತಿ ಚೌತಿಗೂ ಮನೆಯಲ್ಲಿ ಗಣಪತಿಯನ್ನು ಕೂರಿಸುತ್ತೇವೆ. ಈ ಸಲ ನಮ್ಮ ಯಜಮಾನರಿಗೆ ಠಾಣೆಯ ಪರಿಚಯಸ್ಥರೊಬ್ಬರು ಒಂದು ಗಜಮುತ್ತನ್ನು, ಅಂದರೆ ಆನೆಯ ತಲೆಯಲ್ಲಿ ಹುಟ್ಟುತ್ತದೆನ್ನುವ ಮುತ್ತನ್ನು, ತೋರಿಸಿ, ಬೆಳ್ಳಿಯ ಬಟ್ಟಲಿನಲ್ಲಿಟ್ಟು ಪೂಜಿಸಿದರೆ ಮನೆಯ ಸಾಲ ತೀರುತ್ತದೆ ಎಂದಿದ್ದಾರೆ. ಅದು ಅಡಿಕೆಗಿಂತ ತುಸು ದೊಡ್ಡದು, ಬಣ್ಣ ಹಳದಿ ಮಿಶ್ರಿತ ಬಿಳಿ. ಎಳನೀರಿಗೆ ಹಾಕಿದಾಗ ಗುಳ್ಳೆಗಳು ಎದ್ದವು. ಅಸಲಿ ಎನ್ನಲು ಅದೇ ಸಾಕ್ಷಿಯಂತೆ. ಆನೆಯನ್ನು ಕೊಂದು ತೆಗೆದದ್ದಲ್ಲ, ಅದು ತಾನಾಗಿ ಉದುರಿಸಿದ್ದು ಎಂದೂ ಹೇಳುತ್ತಾರೆ. 85,000 ರೂಪಾಯಿ ಕೇಳುತ್ತಿದ್ದಾರೆ. ಅಸಲಿಯೋ ನಕಲಿಯೋ ಎಂದು ಗುರುತಿಸುವುದು ಹೇಗೆ?
(ಓದುಗರೊಬ್ಬರು, ಡೊಂಬಿವಲಿ ಪೂರ್ವ)

ಉತ್ತರ: ಹಣವನ್ನು ಇನ್ನೂ ಕೊಟ್ಟಿರದಿದ್ದರೆ ದಯವಿಟ್ಟು ಕೊಡಬೇಡಿ. ಕಾರಣವನ್ನು ಶಾಸ್ತ್ರದಿಂದಲೇ ಆರಂಭಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಮಾರುವವರು ಮೊದಲು ಮುಂದಿಡುವುದೇ ಶಾಸ್ತ್ರದ ಹೆಸರನ್ನು.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮುತ್ತು ಹುಟ್ಟುವ ಎಂಟು ನೆಲೆಗಳನ್ನು ಹೆಸರಿಸುತ್ತಾನೆ: ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿ ಎಂಬ ದೊಡ್ಡ ಮೀನು ಮತ್ತು ಹಂದಿ. ಇವುಗಳಲ್ಲಿ ಹೇರಳವಾಗಿ ಸಿಗುವುದೂ ಉತ್ತಮವಾದದ್ದೂ ಚಿಪ್ಪಿನ ಮುತ್ತೇ ಎಂದು ಅದೇ ಶ್ಲೋಕದಲ್ಲಿ ಹೇಳಿಬಿಡುತ್ತಾನೆ. ಗಜಮುತ್ತಿನ ಬಗೆಗೆ ಅವನು ಕೊಡುವ ವಿವರ ಹೀಗಿದೆ: ಐರಾವತನ ಕುಲದಲ್ಲಿ, ಪುಷ್ಯ ಅಥವಾ ಶ್ರವಣ ನಕ್ಷತ್ರದಲ್ಲಿ, ಭಾನುವಾರ ಅಥವಾ ಸೋಮವಾರ ಹುಟ್ಟಿದ ಆನೆಗಳಿಗೆ, ಹಾಗೆಯೇ ಉತ್ತರಾಯಣದಲ್ಲಿಯೂ ಗ್ರಹಣಕಾಲದಲ್ಲಿಯೂ ಹುಟ್ಟಿದ ಭದ್ರವೆಂಬ ಉತ್ತಮ ಜಾತಿಯ ಆನೆಗಳಿಗೆ ಕುಂಭಸ್ಥಳದಲ್ಲಿ (ತಲೆಯ ಮುಂಭಾಗದ ಉಬ್ಬಿನಲ್ಲಿ) ಮತ್ತು ದಂತಕೋಶದಲ್ಲಿ (ದಂತದ ಬುಡ ಕೂರುವ ಗೂಡಿನಲ್ಲಿ) ದೊಡ್ಡ ಗಾತ್ರದ, ಹಲವು ಆಕಾರದ, ಹೊಳಪುಳ್ಳ ಮುತ್ತುಗಳು ಹುಟ್ಟುತ್ತವೆಯಂತೆ. ಈ ‘ಅಂತೆ’ ನಾನು ಸೇರಿಸಿದ್ದಲ್ಲ. ಮೂಲದಲ್ಲಿಯೇ ‘ಕಿಲ’ ಎಂಬ ಪದವಿದೆ. ಕೇಳಿದ ಮಾತನ್ನು ಕೇಳಿದ ಮಾತೆಂದೇ ದಾಖಲಿಸುವ ಈ ಎರಡಕ್ಷರವನ್ನು ಓದುವಾಗ ಆ ಪ್ರಾಚೀನ ವಿದ್ವಾಂಸನ ಬಗೆಗೆ ನನ್ನ ಗೌರವ ಹೆಚ್ಚುತ್ತದೆ.

ಅದರ ಮುಂದಿನ ಶ್ಲೋಕ ನಿಮ್ಮ ಪ್ರಶ್ನೆಗೆ ಇನ್ನೂ ನೇರವಾಗಿ ಸಂಬಂಧಿಸಿದೆ. ‘ನೈಷಾಮರ್ಘಃ ಕಾರ್ಯೋ ನ ಚ ವೇಧಃ’ ಎಂದು ಅಲ್ಲಿ ಹೇಳಿದೆ. ಅಂದರೆ ಈ ಮುತ್ತುಗಳಿಗೆ ಬೆಲೆ ಕಟ್ಟಬಾರದು, ತೂತನ್ನೂ ಕೊರೆಯಬಾರದು. ಇವು ಮಹಾಪವಿತ್ರ, ಧರಿಸಿದ ಅರಸರಿಗೆ ಸಂತಾನ, ವಿಜಯ, ಆರೋಗ್ಯ ಕೊಡುತ್ತವೆ ಎಂಬ ಮಾತು ಬರುವುದು ಆ ನಿಷೇಧದ ಬೆನ್ನಿಗೇ. ಪಾವಿತ್ರ್ಯದ ಭಾಗವನ್ನು ಹೇಳಿ, ಬೆಲೆ ಕಟ್ಟಬಾರದೆಂಬ ಭಾಗವನ್ನು ಮರೆಮಾಚಿ 85,000 ರೂಪಾಯಿ ಕೇಳುವವರು ತಾವು ಹೆಸರಿಸುವ ಶಾಸ್ತ್ರವನ್ನೇ ಮೀರುತ್ತಿದ್ದಾರೆ. ಸಾಲ ತೀರುವ ಮಾತಂತೂ ಆ ಫಲಗಳ ಪಟ್ಟಿಯಲ್ಲಿಯೇ ಇಲ್ಲ.

ಗುರುತಿಸುವ ಲಕ್ಷಣಗಳಿಗೆ ಬಂದರೆ ಹಳೆಯ ಗ್ರಂಥಗಳು ಪರಸ್ಪರ ಒಪ್ಪುವುದಿಲ್ಲ. ವರಾಹಮಿಹಿರನ ಪ್ರಕಾರ ಗಜಮುತ್ತಿಗೆ ಹೊಳಪಿದೆ, ಆಕಾರ ಹಲವು. ಗರುಡಪುರಾಣದ ಪ್ರಕಾರ ಅದು ದುಂಡಗೆ, ತುಸು ಹಳದಿಯಾಗಿ, ಹೊಳಪಿಲ್ಲದೆ ಇರುತ್ತದೆ. ಕಾಳಿದಾಸನ ಕುಮಾರಸಂಭವದಲ್ಲಿ ಹಿಮಾಲಯದ ಕಿರಾತರು ಆನೆಯನ್ನು ಕೊಂದ ಸಿಂಹದ ಜಾಡನ್ನು, ರಕ್ತದ ಗುರುತು ಹಿಮದಲ್ಲಿ ತೊಳೆದುಹೋಗಿದ್ದರೂ, ಉಗುರಿನ ಸಂದಿಯಿಂದ ಉದುರಿದ ಮುತ್ತುಗಳನ್ನು ನೋಡಿ ಕಂಡುಹಿಡಿಯುತ್ತಾರೆ. ಅದು ಕವಿಸಮಯ, ಕವಿಗಳು ರೂಢಿಯಿಂದ ಹೇಳುತ್ತ ಬಂದ ಕಲ್ಪನೆ, ಅದರ ಸೊಗಸಿಗೆ ಸಾಟಿಯಿಲ್ಲ. ಆದರೆ ಅದನ್ನು ಹಿಡಿದುಕೊಂಡು ಬಟ್ಟಲಿನಲ್ಲಿರುವ ವಸ್ತುವನ್ನು ಪರೀಕ್ಷಿಸಲಾಗುವುದಿಲ್ಲ.

ಇನ್ನು ಆನೆಯ ದೇಹವನ್ನು ನೋಡೋಣ. ಉಬ್ಬಿದ ಕುಂಭಸ್ಥಳದೊಳಗೆ ಇರುವುದು ಜೇನುಗೂಡಿನಂತೆ ಹೆಣೆದ ಗಾಳಿಗೂಡುಗಳ ಮೂಳೆ. ಅಷ್ಟು ದೊಡ್ಡ ತಲೆ ಕುತ್ತಿಗೆಗೆ ಹೊರೆಯಾಗದಂತೆ ಹಗುರವಾಗಿರಲು ಅದೇ ಕಾರಣ. ಅಲ್ಲಿ ಮುತ್ತು ಬೆಳೆಯುವುದಿಲ್ಲ. ದಂತಕೋಶದ ಮಾತಿನಲ್ಲಿ ಮಾತ್ರ ಒಂದು ನಿಜದ ಬೀಜವಿದೆ. ಆನೆಯ ದಂತವೆಂದರೆ ಮೇಲ್ದವಡೆಯ ಬಾಚಿಹಲ್ಲು. ಅದರ ಸುಮಾರು ಮೂರನೆಯ ಒಂದು ಭಾಗ ತಲೆಬುರುಡೆಯೊಳಗೇ ಹುದುಗಿರುತ್ತದೆ. ಬುಡದಲ್ಲಿ ದಂತ ಟೊಳ್ಳು, ಒಳಗೆ ನರಗಳೂ ರಕ್ತನಾಳಗಳೂ ಇರುವ ಮೃದು ತಿರುಳು. ಆ ತಿರುಳಿಗೆ ಪೆಟ್ಟೋ ಸೋಂಕೋ ತಗುಲಿದರೆ, ಗುಂಡು ಅಥವಾ ಈಟಿಯ ಮೊನೆ ಒಳಗೆ ಸಿಕ್ಕಿಕೊಂಡರೆ, ದೇಹವು ನೋವಿನ ಜಾಗದ ಸುತ್ತ ಹಲ್ಲಿನದೇ ದ್ರವ್ಯವನ್ನು ಪದರಪದರವಾಗಿ ಕಟ್ಟುತ್ತದೆ. ಹೀಗೆ ಕೆಲವೊಮ್ಮೆ ತಿರುಳಿನೊಳಗೆ ಸಣ್ಣ ಗಂಟುಗಳು ಉಂಟಾಗುತ್ತವೆ. ಲೋಕದಲ್ಲಿ ನಿಜವಾಗಿ ಇರುವ ಗಜಮುತ್ತು ಇದೇ. ಅದು ಆನೆಯ ಗಾಯದ ಗುರುತು, ದ್ರವ್ಯದಲ್ಲಿ ದಂತವೇ.

ಆದ್ದರಿಂದ ‘ತಾನಾಗಿ ಉದುರಿಸಿದ್ದು’ ಎಂಬ ಮಾತು ನಿಲ್ಲುವುದಿಲ್ಲ. ಮರಿಯಾನೆಗೆ ಬರುವ ಪುಟ್ಟ ಹಾಲುದಂತ ಮಾತ್ರ ಮೊದಲ ಒಂದು ವರ್ಷದ ಆಸುಪಾಸಿನಲ್ಲಿ ಬಿದ್ದುಹೋಗುತ್ತದೆ. ಆಮೇಲೆ ಬರುವ ದಂತ ಬದುಕಿರುವವರೆಗೂ ಬೆಳೆಯುತ್ತದೆ, ಉದುರುವುದಿಲ್ಲ. ಬುಡದ ಗಂಟು ಕೈಗೆ ಸಿಗಬೇಕಾದರೆ ದಂತವನ್ನು ಬುರುಡೆಯಿಂದ ಕೀಳಬೇಕು, ಅದಕ್ಕೆ ಆನೆ ಸತ್ತಿರಬೇಕು. ಶ್ರೀಲಂಕೆಯಲ್ಲಿ ಗಂಡಾನೆಗಳಲ್ಲಿ ದಂತವಿರುವವೇ ಬಹಳ ವಿರಳ. ಅಂಥ ಕಡೆ ಈ ಮುತ್ತಿನ ಆಸೆಗೆ ದಂತದಾನೆಗಳನ್ನು ಕೊಂದದ್ದೂ, ಮಾರಲು ಹೊರಟವರು ಮತ್ತೆ ಮತ್ತೆ ಸಿಕ್ಕಿಬಿದ್ದದ್ದೂ ಉಂಟು. ಗಣಪತಿಯ ಮುಂದೆ ಇಡಲೆಂದು ಒಂದು ಆನೆಯ ಸಾವಿಗೆ ಬೆಲೆ ತೆರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಿಮ್ಮ ಭಕ್ತಿಯ ಬಗೆಗೆ ನನಗೆ ಸಂಶಯವಿಲ್ಲ.

ಎಳನೀರಿನ ಗುಳ್ಳೆಗಳು ಏನನ್ನೂ ಸಾಬೀತುಪಡಿಸುವುದಿಲ್ಲ. ಸೂಕ್ಷ್ಮ ರಂಧ್ರಗಳುಳ್ಳ ಯಾವ ಒಣ ವಸ್ತುವನ್ನು ದ್ರವಕ್ಕೆ ಹಾಕಿದರೂ ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಒಣಗಿದ ಇಟ್ಟಿಗೆಯ ಚೂರನ್ನು ನೀರಿಗೆ ಹಾಕಿ ನೋಡಬಹುದು. ದ್ರವ ಹುಳಿಯಾಗಿದ್ದರೆ ಚಿಪ್ಪು, ಅಮೃತಶಿಲೆ ಮೊದಲಾದ ಸುಣ್ಣದ ವಸ್ತುಗಳಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಅದು ದಂತವಲ್ಲ ಎನ್ನುವುದಕ್ಕೇ ಅಂಥ ಗುಳ್ಳೆ ಸೂಚನೆಯಾದೀತು, ಏಕೆಂದರೆ ಚಿಪ್ಪಿನ ಮುತ್ತು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ದಂತವಾದರೋ ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯ ಖನಿಜ ಮತ್ತು ಕೊಲಾಜೆನ್ ಎಂಬ ಪ್ರೋಟೀನು ಸೇರಿ ಆದದ್ದು.

ಪ್ರಯೋಗಾಲಯದವರು ನೋಡುವುದು ಬೇರೆ. ಮೊದಲನೆಯದು ಸಾಂದ್ರತೆ: ನೀರಿನದು 1 ಎಂದಿಟ್ಟುಕೊಂಡರೆ ದಂತದ್ದು 1.7ರಿಂದ 2.0, ಚಿಪ್ಪಿನ ಮುತ್ತಿನದು ಸುಮಾರು 2.7. ಒಂದೇ ಗಾತ್ರದ ಎರಡನ್ನು ಅಂಗೈಯಲ್ಲಿಟ್ಟರೆ ದಂತದ ತುಂಡು ಹಗುರವೆನಿಸುತ್ತದೆ. ಎರಡನೆಯದು ಮೈ. ದಂತದ ಗಂಟಿನಲ್ಲಿ ಮುತ್ತಿನ ಕಾಮನಬಿಲ್ಲಿನ ಛಾಯೆ ಇರುವುದಿಲ್ಲ, ಮೇಣದಂತಹ ಮಂಕು ಹೊಳಪಿರುತ್ತದೆ. ಈ ಮಟ್ಟಿಗೆ ಗರುಡಪುರಾಣದ ವರ್ಣನೆ ನಿಜಕ್ಕೆ ಹತ್ತಿರವಾಗಿದೆ. ದಂತದ ಗಟ್ಟಿ ಭಾಗವನ್ನು ಕಡೆದು ಮಾಡಿದ ಗುಂಡಾದರೆ ಅಡ್ಡಸೀಳಿನಲ್ಲಿ ಒಂದನ್ನೊಂದು ಹಾಯುವ ಬಿಲ್ಲಿನಾಕಾರದ ಗೆರೆಗಳ ಜಾಲ ಕಾಣುತ್ತದೆ. ಶ್ರೇಗರ್ ಗೆರೆಗಳೆಂದು ಅವುಗಳ ಹೆಸರು. ಹೊರ ಅಂಚಿನ ಬಳಿ ಅವು ಕೂಡುವ ಕೋನ ಇಂದಿನ ಆನೆಗಳಲ್ಲಿ ಸರಾಸರಿ 100 ಡಿಗ್ರಿಗಿಂತ ಹೆಚ್ಚು, ಅಳಿದುಹೋದ ಆನೆಯ ಬಂಧು ಮ್ಯಾಮತ್‌ನಲ್ಲಿ 100ಕ್ಕಿಂತ ಕಡಿಮೆ. ಅತಿನೇರಳೆ ಬೆಳಕಿನಲ್ಲಿ ದಂತ ನೀಲಿ ಬಿಳುಪಾಗಿ ಮಿನುಗುತ್ತದೆ. ಕೊನೆಯ ತೀರ್ಮಾನ, ವಸ್ತು ಯಾವುದರಿಂದಾದದ್ದೆಂದು ಬೆಳಕಿನಿಂದಲೇ ತಿಳಿಸುವ ಅತಿಗೆಂಪು ಕಿರಣ ಮತ್ತು ರಾಮನ್ ರೋಹಿತದ ಪರೀಕ್ಷೆಯಿಂದ ಬರುತ್ತದೆ. ಇಂಥ ಪರೀಕ್ಷೆಗೆ ಒಡ್ಡಿದರೆ ನಿಮಗೆ ತೋರಿಸಿದ ವಸ್ತು ರಾಳದ್ದೋ, ಮೂಳೆಯದ್ದೋ, ಸಮುದ್ರದ ದಪ್ಪ ಚಿಪ್ಪನ್ನು ಉಜ್ಜಿ ಮಾಡಿದ್ದೋ ಆಗಿ ಹೊರಬೀಳುವ ಸಂಭವವೇ ಹೆಚ್ಚೆಂದು ನನ್ನ ಅಭಿಪ್ರಾಯ.

ಅಸಲಿಯೇ ಆಗಿದ್ದರೆ ತೊಂದರೆ ಇನ್ನೂ ದೊಡ್ಡದು. ಆನೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪ್ರಾಣಿಗಳ ಪಟ್ಟಿಯಲ್ಲಿ, ಇದೆ. 1986ರ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನೂ, 1991ರದು ಆಫ್ರಿಕದಿಂದ ತಂದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ತಪ್ಪಿತಸ್ಥರಿಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು, 2022ರ ತಿದ್ದುಪಡಿಯ ನಂತರ, ಕನಿಷ್ಠ 25,000 ರೂಪಾಯಿ ದಂಡ. ಕೊಳ್ಳುವವರಿಗೂ ಅದರಿಂದ ವಿನಾಯಿತಿಯಿಲ್ಲ. ಸಾಲದ ಚಿಂತೆಯಲ್ಲಿರುವ ಮನೆಗೆ ಇದನ್ನು ತರುವುದು ಬೇಡ. ಚೌತಿಯ ಪೂಜೆಗೆ ಇಪ್ಪತ್ತೊಂದು ಗರಿಕೆ ಸಾಕೆಂದು ನಮ್ಮ ಹಿರಿಯರು ನಡೆಸಿಕೊಂಡು ಬಂದದ್ದು ನಿಮಗೆ ತಿಳಿದೇ ಇದೆ. ಆ ಪರಿಚಯಸ್ಥರು ಮತ್ತೆ ಒತ್ತಾಯಿಸಿದರೆ ಅರಣ್ಯ ಇಲಾಖೆಗೆ ತಿಳಿಸಿ. ಮುಂಬಯಿಯವರಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿಯೂ ಇಲಾಖೆಯ ಕಚೇರಿ ಇದೆ.

ಪ್ರಶ್ನೆ: ನಮ್ಮ ಅಜ್ಜನವರು ದಾಂಡೇಲಿಯ ಕಡೆ ಮರದ ಗುತ್ತಿಗೆದಾರರಾಗಿದ್ದರು. ಅವರ ಕಾಲದ ಒಂದು ಗಜಮುತ್ತು ಕುಂಕುಮದ ಭರಣಿಯ ಜೊತೆಗೆ ನಮ್ಮ ದೇವರ ಪೆಟ್ಟಿಗೆಯಲ್ಲಿದೆ. ತಂದೆಯವರು ತೀರಿಕೊಂಡ ಮೇಲೆ ಪೆಟ್ಟಿಗೆ ಪುಣೆಗೆ ನನ್ನ ಮನೆಗೆ ಬಂತು. ತೂತು ಹಾಕಿಸಿ ಸೊಸೆಯ ಸರಕ್ಕೆ ಪೋಣಿಸಬಹುದೇ? ಇಟ್ಟುಕೊಳ್ಳುವುದೇ ಅಪರಾಧವೇ?
(ಹಿರಿಯ ಓದುಗರು, ಪುಣೆ)

ಉತ್ತರ: ಮಾನ್ಯರೇ, ತೂತು ಹಾಕಿಸಬೇಡಿ. ಕೊರೆಯಬಾರದೆಂಬ ವರಾಹಮಿಹಿರನ ಮಾತನ್ನು ಮೇಲಿನ ಉತ್ತರದಲ್ಲಿ ನೋಡಿದ್ದೀರಿ. ಗರುಡಪುರಾಣವೂ ಚಿಪ್ಪಿನ ಮುತ್ತೊಂದನ್ನೇ ಕೊರೆಯಲು ತಕ್ಕದ್ದೆನ್ನುತ್ತದೆ. ಪದರಪದರವಾದ ಗಂಟು ಬೈರಿಗೆಯ ಕೆಳಗೆ ಸೀಳಲೂಬಹುದು.

ಎರಡನೆಯ ಪ್ರಶ್ನೆ ಗಂಭೀರವಾದದ್ದು. ಅದು ನಿಜಕ್ಕೂ ದಂತವೇ ಆಗಿದ್ದರೆ, ಹಲ್ಲು ಮತ್ತು ದಂತಗಳನ್ನು ಕಾಯ್ದೆಯು ಪ್ರಾಣಿಯ ಅವಶೇಷವೆಂದು ಎಣಿಸುತ್ತದೆ, ಸಾಕಿದ ಆನೆಯದಾದರೂ ಸರಿ. ಇಂಥ ವಸ್ತು ಇರುವವರು ಘೋಷಿಸಿಕೊಳ್ಳಲು ಕಾಯ್ದೆ ಬಂದಾಗ ಅವಕಾಶವಿತ್ತು, 2003ರಲ್ಲಿ ಮತ್ತೊಮ್ಮೆ 180 ದಿನಗಳ ಅವಕಾಶ ಕೊಡಲಾಯಿತು. ಆದ್ದರಿಂದ ತಂದೆಯವರ ಕಾಗದಪತ್ರಗಳಲ್ಲಿ ಮುಖ್ಯ ವನ್ಯಜೀವಿ ಪಾಲಕರು ಕೊಟ್ಟ ಒಡೆತನದ ಪ್ರಮಾಣಪತ್ರ ಇದೆಯೇ ಎಂದು ಮೊದಲು ಹುಡುಕಿ. ಬ್ಯಾಂಕಿನ ಲಾಕರು, ಹಳೆಯ ಟ್ರಂಕು, ತೆರಿಗೆಯ ಕಡತ, ಎಲ್ಲವನ್ನೂ ನೋಡಿ. ಅದಿದ್ದರೆ ವಾರಸುದಾರರಾಗಿ ಇಟ್ಟುಕೊಳ್ಳಲು ದಾರಿಯಿದೆ, ಆದರೆ ವಾರಸಾಗಿ ಬಂದ 90 ದಿನಗಳೊಳಗೆ ಇಲಾಖೆಗೆ ತಿಳಿಸಬೇಕು. ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಇಲಾಖೆಗೇ ಒಪ್ಪಿಸಬಹುದು, ಅದಕ್ಕೆ ಪರಿಹಾರಧನ ಸಿಗುವುದಿಲ್ಲ. ಪ್ರಮಾಣಪತ್ರ ಇಲ್ಲದಿದ್ದರೆ ಅದನ್ನು ಯಾರಿಗೂ ಮಾರಬೇಡಿ, ಉಡುಗೊರೆಯಾಗಿ ಕೊಡಬೇಡಿ, ಊರಿಗೂ ಒಯ್ಯಬೇಡಿ, ಅದರ ಚಿತ್ರವನ್ನು ವಾಟ್ಸಾಪ್‌ನಲ್ಲಿ ಹಂಚಬೇಡಿ. ಈ ಕಾನೂನು ಬಲ್ಲ ವಕೀಲರೊಬ್ಬರನ್ನು ಕಂಡು, ಅವರ ಮೂಲಕ ಪುಣೆಯ ಅರಣ್ಯ ಕಚೇರಿಗೆ ಲಿಖಿತವಾಗಿ ತಿಳಿಸುವುದೇ ಸರಿಯಾದ ದಾರಿ. ಅಜ್ಜನ ಕಾಲದಿಂದ ಪೂಜೆಗೊಂಡ ವಸ್ತುವನ್ನು ಮನೆಯಿಂದ ಕಳಿಸುವುದು ಕಷ್ಟವೆಂದು ನಾನು ಬಲ್ಲೆ. ಮಂಗಳಾರತಿ ಮಾಡಿ, ಮನೆಯವರೆಲ್ಲ ನಮಸ್ಕರಿಸಿ ಕಳಿಸಿಕೊಡಿ. ದಾಂಡೇಲಿಯ ಕಾಡಿನ ಆನೆಗಳು ಈಗ ಸಿಂಧುದುರ್ಗದ ದೋಡಾಮಾರ್ಗದವರೆಗೂ ಬರುತ್ತಿವೆ. ಅಜ್ಜನವರು ಕಂಡ ಆನೆಗಳ ಸಂತತಿಯೇ ಅವುಗಳಲ್ಲಿ ಇದ್ದೀತು.

ಪ್ರಶ್ನೆ: ಅಜ್ಜಿಯ ಬಸರಾ ಮುತ್ತಿನ ಸರವನ್ನು ಹಬ್ಬಕ್ಕೆ ದೇವಿಗೆ ತೊಡಿಸುತ್ತೇವೆ. ಅಸಲಿಯೇ ಎಂದು ತಿಳಿಯಲು ಪುರಾಣದಲ್ಲಿ ಹೇಳಿದ ಉಪ್ಪಿನ ಪರೀಕ್ಷೆ ಮಾಡಬಹುದೇ?
(ಓದುಗರೊಬ್ಬರು, ಮಡಗಾಂವ್)

ಉತ್ತರ: ಮಾಡಬೇಡಿ. ಉಪ್ಪು ಬೆರೆಸಿದ ಬಿಸಿ ಎಣ್ಣೆಯಲ್ಲಿ ರಾತ್ರಿಯಿಡೀ ಇರಿಸುವುದು, ಬಟ್ಟೆಯಲ್ಲಿ ಸುತ್ತಿ ಭತ್ತದೊಂದಿಗೆ ಉಜ್ಜುವುದು ಗರುಡಪುರಾಣದ ಕ್ರಮ. ಬಣ್ಣಗೆಡದಿದ್ದರೆ ಅಸಲಿ ಎಂಬುದು ಅದರ ತರ್ಕ. ಆದರೆ ಹಳೆಯ ಮುತ್ತಿನ ಹೊರಪದರ ಇದರಿಂದ ಮಾಸುವ ಭಯವಿದೆ. ಮುತ್ತನ್ನು ಮುಂಭಾಗದ ಹಲ್ಲಿಗೆ ಮೆಲ್ಲನೆ ತಾಗಿಸಿ ಎಳೆದರೆ ಅಸಲಿಯಾದದ್ದು ಸಣ್ಣ ಮರಳಿನಂತೆ ತರಿತರಿಯಾಗಿಯೂ ಗಾಜಿನದು ನುಣುಪಾಗಿಯೂ ತಿಳಿಯುತ್ತದೆ. ಕಡಲಿನಲ್ಲಿ ತಾನಾಗಿ ಬೆಳೆದದ್ದೋ, ಜನರು ಬೀಜವಿಟ್ಟು ಬೆಳೆಸಿದ್ದೋ ಎಂಬುದನ್ನು ಮಾತ್ರ ಎಕ್ಸ್‌ರೇ ಇಲ್ಲದೆ ಹೇಳಲಾಗದು. ಬಸರಾ ಎಂದು ಕರೆಯುವ ಪರ್ಷಿಯಾ ಕೊಲ್ಲಿಯ ಮುತ್ತಿಗೆ ಒಂದು ಕಾಲದಲ್ಲಿ ದೊಡ್ಡ ಪೇಟೆಯಾಗಿದ್ದ ಮುಂಬಯಿಯಲ್ಲಿ ಈಗಲೂ ರತ್ನಪರೀಕ್ಷೆಯ ಪ್ರಯೋಗಾಲಯಗಳಿವೆ, ಸರವನ್ನು ಬಿಚ್ಚದೆಯೇ ನೋಡಿಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಂಡು ಒಯ್ಯಿರಿ. ಹಬ್ಬ ಮುಗಿದ ಮೇಲೆ ಗಂಧ, ಕುಂಕುಮ, ಹೂವಿನ ರಸ ತಗುಲಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ.