ಡೈರಿ ತೂಕದ ಪ್ರೋಗ್ರಾಂನಲ್ಲಿ ಥ್ರೆಡ್ ತಡೆಯುವುದು, ಕಾಯುವಂತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಚಿಂತಾಮಣಿ ತಾಲ್ಲೂಕಿನ ಒಂದು ಹಾಲಿನ ಡೈರಿಗೆ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೀರಿ. ತೂಕದ ಮಷೀನು ಓದಲು ಒಂದು ಥ್ರೆಡ್ (ಪ್ರೋಗ್ರಾಂನೊಳಗೆ ತನ್ನಷ್ಟಕ್ಕೆ ಓಡುವ ಒಂದು ಕೆಲಸ), ಫ್ಯಾಟ್ ಮಷೀನಿಗೆ ಇನ್ನೊಂದು, ಚೀಟಿ ಪ್ರಿಂಟ್ ಮಾಡಲು ಮತ್ತೊಂದು. ಸದಸ್ಯರ ನಂಬರ್ ತಪ್ಪಾದಾಗ ಕಾರ್ಯದರ್ಶಿಗಳು ‘ತಡೆ’ ಬಟನ್ ಒತ್ತಬೇಕು, ಸರಿಪಡಿಸಿ ಮುಂದುವರಿಸಬೇಕು. ಥ್ರೆಡ್ಡನ್ನು ಹೊರಗಿನಿಂದ ನಿಲ್ಲಿಸುವ ಸಸ್ಪೆಂಡ್ ಕರೆದರೆ ಜಾವಾ 21ರಲ್ಲಿ ಎಕ್ಸೆಪ್ಷನ್ (ದೋಷದ ಸೂಚನೆ) ಬರುತ್ತದೆ. ಖಾಲಿ ವೈಲ್ ಲೂಪ್ ಹಾಕಿದರೆ ಕಂಪ್ಯೂಟರ್ ಬಿಸಿಯಾಗುತ್ತದೆ. ಸ್ಲೀಪ್ ಹಾಕಿದರೆ ವಿಂಡೋನೇ ಅಲ್ಲಾಡುವುದಿಲ್ಲ. ಹಾಗಾದರೆ ಏನು ಮಾಡಬೇಕು?

ಮೊದಲು ಸಸ್ಪೆಂಡ್ ವಿಚಾರ ಮುಗಿಸೋಣ. ಅದನ್ನು ಬಳಸಬೇಡಿ ಎಂದು ಜಾವಾ 1.2ರಿಂದ, ಅಂದರೆ 1998ರಿಂದಲೇ ಹೇಳುತ್ತಾ ಬಂದಿದ್ದಾರೆ. ಜಾವಾ 20ರಿಂದ ಅದು ಎಕ್ಸೆಪ್ಷನ್ ಎಸೆಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ, ಜಾವಾ 23ರಲ್ಲಿ ತೆಗೆದೇ ಹಾಕಿದ್ದಾರೆ. ಹಳೆಯ ಜಾವಾ ಹಾಕಿಕೊಂಡು ಅದನ್ನೇ ಓಡಿಸೋಣ ಅನ್ನಬೇಡಿ. ಸಸ್ಪೆಂಡ್ ಆದ ಥ್ರೆಡ್ ತನ್ನ ಕೈಯಲ್ಲಿದ್ದ ಲಾಕನ್ನು (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ) ಬಿಡದೆ ಹಾಗೇ ನಿಂತುಬಿಡುತ್ತದೆ. ತೂಕದ ಥ್ರೆಡ್ ಲಾಗ್ ಫೈಲಿಗೆ ಒಂದು ಸಾಲು ಬರೆಯುತ್ತಿರುವಾಗ ನೀವು ತಡೆದಿರಿ ಎಂದುಕೊಳ್ಳಿ. ಆ ಲಾಗಿಗೆ ಬರೆಯಬೇಕಾದ ಪ್ರಿಂಟ್ ಥ್ರೆಡ್ಡೂ ಅಲ್ಲೇ ನಿಲ್ಲುತ್ತದೆ. ‘ಮುಂದುವರಿಸು’ ಬಟನ್ನಿನ ಕೋಡು ಕೂಡ ಅದೇ ಲಾಗಿಗೆ ಬರೆಯುವುದಾದರೆ ಇನ್ನು ಬಿಡಿಸುವವರೇ ಇಲ್ಲ. ಆದ್ದರಿಂದ ಒಂದು ಥ್ರೆಡ್ಡನ್ನು ಹೊರಗಿನಿಂದ ಹಿಡಿದು ನಿಲ್ಲಿಸಬಾರದು. ನಿಲ್ಲು ಎಂದು ಕೇಳಿಕೊಳ್ಳಬೇಕು, ಅದು ತನಗೆ ಅಪಾಯವಿಲ್ಲದ ಜಾಗದಲ್ಲಿ, ಒಂದು ಕೆಲಸ ಪೂರ್ತಿ ಮುಗಿದ ಮೇಲೆ, ತಾನಾಗಿ ನಿಲ್ಲಬೇಕು.

ಖಾಲಿ ಲೂಪಿನಲ್ಲಿ ಎರಡು ತೊಂದರೆ ಇವೆ. ಒಂದು ಕೋರ್ ಪೂರ್ತಿ ಸುಮ್ಮನೆ ಸುಡುವುದು ನಿಮಗೆ ಕಂಡಿದೆ. ಕಾಣದೇ ಇರುವುದು ಇನ್ನೊಂದು: ತಡೆದಿದೆಯೇ ಎಂದು ಲೂಪ್ ನೋಡುವ ಫ್ಲಾಗನ್ನು ವೊಲಟೈಲ್ (ಬೇರೆ ಥ್ರೆಡ್ ಬದಲಿಸಬಹುದಾದದ್ದು) ಎಂದು ಘೋಷಿಸದಿದ್ದರೆ, ಲೂಪಿನೊಳಗೆ ಅದು ಬದಲಾಗುವುದೇ ಇಲ್ಲ ಎಂದು, ಪ್ರೋಗ್ರಾಂ ಓಡುವಾಗಲೇ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಜಿಟ್ ಕಂಪೈಲರ್ ಎಣಿಸಬಹುದು. ಆಗ ಫ್ಲಾಗನ್ನು ಒಂದೇ ಸಲ ಓದಿ, ಮತ್ತೆ ನೋಡದೆ ಕೊನೆಯಿಲ್ಲದೆ ತಿರುಗುತ್ತದೆ. ಒಳಗೆ ಒಂದು ಪ್ರಿಂಟ್‌ಲೈನ್ ಹಾಕಿದ ತಕ್ಷಣ ಸರಿಯಾದಂತೆ ಕಾಣುವುದೂ ಉಂಟು. ಅದನ್ನು ನಂಬಬೇಡಿ, ರೋಗ ಒಳಗೇ ಇರುತ್ತದೆ.

ಈಗ ಸರಿಯಾದ ದಾರಿ. ಒಂದು ಲಾಕ್ ಆಬ್ಜೆಕ್ಟ್, ‘ತಡೆದಿದೆ’ ಎಂಬ ಒಂದು ಬೂಲಿಯನ್ (ನಿಜ ಅಥವಾ ಸುಳ್ಳು ಎಂಬ ಬೆಲೆ). ಥ್ರೆಡ್ ಪ್ರತಿ ಸುತ್ತಿನ ಆರಂಭದಲ್ಲಿ ಆ ಲಾಕಿನ ಮೇಲೆ ಸಿಂಕ್ರೊನೈಸ್ಡ್ ಬ್ಲಾಕಿಗೆ (ಲಾಕ್ ಹಿಡಿದವರು ಮಾತ್ರ ಓಡಿಸಬಹುದಾದ ಕೋಡಿಗೆ) ಹೋಗಬೇಕು. ‘ತಡೆದಿದೆ’ ನಿಜವಾಗಿರುವಷ್ಟು ಹೊತ್ತೂ, ವೈಲ್ ಲೂಪಿನೊಳಗೆ, ಆ ಲಾಕಿನ ವೇಟ್ ಕರೆಯಬೇಕು. ‘ತಡೆ’ ಬಟನ್ ಅದೇ ಲಾಕ್ ಹಿಡಿದು ಬೂಲಿಯನ್ನನ್ನು ನಿಜ ಮಾಡುತ್ತದೆ. ‘ಮುಂದುವರಿಸು’ ಅದೇ ಲಾಕ್ ಹಿಡಿದು ಸುಳ್ಳು ಮಾಡಿ, ಬ್ಲಾಕ್ ಬಿಡುವ ಮುಂಚೆ, ಕಾಯುತ್ತಿರುವವರನ್ನೆಲ್ಲ ಎಬ್ಬಿಸುವ ನೋಟಿಫೈಆಲ್ ಕರೆಯುತ್ತದೆ. ಇಷ್ಟೇ.

ಆದರೆ ಇದರಲ್ಲಿ ಒಂದೊಂದು ಪದಕ್ಕೂ ಕಾರಣ ಇದೆ. ವೇಟ್ ತಾನು ಕಾಯುವಾಗ ಲಾಕನ್ನು ಬಿಟ್ಟುಕೊಡುತ್ತದೆ, ಸ್ಲೀಪ್ ಬಿಡುವುದಿಲ್ಲ. ಸಿಂಕ್ರೊನೈಸ್ಡ್ ಒಳಗೆ ಸ್ಲೀಪ್ ಹಾಕಿದರೆ ಸಸ್ಪೆಂಡಿನ ಕಷ್ಟವೇ ಮತ್ತೆ ಹಿಂಬಾಗಿಲಿನಿಂದ ಬಂದಂತೆ. ವೈಲ್ ಬದಲು ಇಫ್ ಹಾಕಬಾರದು, ಯಾಕೆಂದರೆ ಯಾರೂ ಎಬ್ಬಿಸದೆಯೂ ವೇಟ್ ಕೆಲವೊಮ್ಮೆ ಎದ್ದುಬಿಡಬಹುದು ಎಂದು ಜಾವಾದ ನಿಯಮವೇ ಹೇಳುತ್ತದೆ. ಅಲ್ಲದೆ ಎದ್ದು ಲಾಕ್ ಸಿಗುವಷ್ಟರಲ್ಲಿ ಕಾರ್ಯದರ್ಶಿಗಳು ಮತ್ತೆ ‘ತಡೆ’ ಒತ್ತಿರಬಹುದು. ಬೂಲಿಯನ್ ಬೇಡ, ಬರೀ ವೇಟ್–ನೋಟಿಫೈ ಸಾಕು ಎಂದುಕೊಂಡರೆ, ವೇಟ್‌ಗಿಂತ ಮುಂಚೆ ಬಂದ ನೋಟಿಫೈ ಗಾಳಿಗೆ ಹೋಗುತ್ತದೆ. ಯಾರೂ ಕಾಯುತ್ತಿಲ್ಲದಾಗ ಕೂಗಿದ ಕೂಗನ್ನು ಜಾವಾ ನೆನಪಿಟ್ಟುಕೊಳ್ಳುವುದಿಲ್ಲ. ನೆನಪಿಡುವುದು ಬೂಲಿಯನ್ ಮಾತ್ರ. ಲಾಕ್ ಹಿಡಿಯದೆ ವೇಟ್ ಕರೆದರೆ ಇಲ್ಲೀಗಲ್‌ಮಾನಿಟರ್‌ಸ್ಟೇಟ್ ಎಕ್ಸೆಪ್ಷನ್ ಬರುತ್ತದೆ. ಸಿಂಕ್ರೊನೈಸ್ಡ್, ವೇಟ್ ಬದಲಿಗೆ ರೀಎಂಟ್ರಂಟ್‌ಲಾಕ್ ಮತ್ತು ಕಂಡಿಷನ್ ಬಳಸುವವರಿಗೂ ಇದೇ ಎಕ್ಸೆಪ್ಷನ್ ಎದುರಾಗುವುದುಂಟು: ಅಲ್ಲಿ ಅವೇಟ್ ಕರೆಯಬೇಕು, ಕೈತಪ್ಪಿ ವೇಟ್ ಬರೆದರೂ ಕಂಪೈಲರ್ ಒಪ್ಪಿಕೊಂಡುಬಿಡುತ್ತದೆ, ಯಾಕೆಂದರೆ ಪ್ರತಿ ಆಬ್ಜೆಕ್ಟಿಗೂ ವೇಟ್ ಇದ್ದೇ ಇದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಡೈರಿಯ ಮಟ್ಟಿಗೆ ನನ್ನ ಅಭಿಪ್ರಾಯ ಬೇರೆ: ತೂಕ ಓದುವ ಥ್ರೆಡ್ಡನ್ನು ತಡೆಯಲೇಬೇಡಿ. ಸೀರಿಯಲ್ ಪೋರ್ಟಿನಲ್ಲಿ ತೂಕದ ಮಷೀನು ನೀವು ಕೇಳಲಿ ಬಿಡಲಿ ಸಾಲುಗಳನ್ನು ಕಳಿಸುತ್ತಲೇ ಇರುವ ಮಾದರಿಯದಾದರೆ, ನೀವು ಓದದೆ ಬಿಟ್ಟದ್ದು ಬಫರಿನಲ್ಲಿ (ಓದುವ ತನಕ ಹಿಡಿದಿಡುವ ಜಾಗದಲ್ಲಿ) ತುಂಬಿಕೊಳ್ಳುತ್ತದೆ. 12 ಅಕ್ಷರದ ಸಾಲು ಸೆಕೆಂಡಿಗೆ 10 ಬರುತ್ತದೆ ಎಂದರೆ, 30 ಸೆಕೆಂಡ್ ತಡೆದಾಗ 3,600 ಅಕ್ಷರ, 300 ಹಳೆಯ ತೂಕಗಳು ಕಾಯುತ್ತಾ ಕೂತಿರುತ್ತವೆ. ‘ಮುಂದುವರಿಸು’ ಒತ್ತಿದ ಕೂಡಲೇ ಮೊದಲು ಸಿಗುವುದು ಹಿಂದಿನ ಸದಸ್ಯರ 8.4 ಕೆಜಿ, ಅದು ಹೋಗಿ ಕೂರುವುದು ಈಗ ಕ್ಯಾನ್ ಹಿಡಿದು ನಿಂತವರ ಖಾತೆಗೆ. ಈ ತಪ್ಪು ಅವತ್ತು ಕಾಣುವುದಿಲ್ಲ, ಬಟವಾಡೆ ದಿನ ಜಗಳವಾಗಿ ಕಾಣುತ್ತದೆ. ಆದ್ದರಿಂದ ಓದುವ ಥ್ರೆಡ್ ಓದುತ್ತಲೇ ಇರಲಿ. ‘ತಡೆದಿದೆ’ ನಿಜವಾಗಿದ್ದರೆ ಓದಿದ ಸಾಲನ್ನು ಎಸೆಯಲಿ. ಇಲ್ಲಿ ವೇಟ್ ಬೇಕಿಲ್ಲ, ಒಂದು ವೊಲಟೈಲ್ ಬೂಲಿಯನ್ ಸಾಕು. ಹೇಗಿದ್ದರೂ ಪೋರ್ಟ್ ಓದುವುದನ್ನು ನಿಲ್ಲಿಸಲೇಬೇಕಾದ ಸಂದರ್ಭ ಬಂದರೆ, ಮತ್ತೆ ಶುರು ಮಾಡುವಾಗ ಬಫರ್ ಖಾಲಿ ಮಾಡಿ, ಮೊದಲ ಸಾಲನ್ನೂ ಬಿಟ್ಟುಬಿಡಿ. ಅದು ಅರ್ಧ ಕತ್ತರಿಸಿದ ಸಾಲಾಗಿರಬಹುದು, 12.60 ಹೋಗಿ 2.60 ಆಗಿಬಿಡಬಹುದು.

ವೇಟ್ ನಿಜಕ್ಕೂ ಬೇಕಾಗುವುದು ಪ್ರಿಂಟ್ ಥ್ರೆಡ್ಡಿಗೆ. ಅದನ್ನೂ ಕೈಯಾರೆ ಬರೆಯಬೇಕಿಲ್ಲ. 2004ರ ಜಾವಾ 5ರಿಂದಲೂ ಬ್ಲಾಕಿಂಗ್‌ಕ್ಯೂ (ಖಾಲಿಯಿದ್ದರೆ ತೆಗೆಯುವವರನ್ನು, ತುಂಬಿದ್ದರೆ ಹಾಕುವವರನ್ನು ತಾನೇ ಕಾಯಿಸುವ ಸಾಲು) ಇದೆ. 50 ಚೀಟಿ ಹಿಡಿಯುವ ಅರೇಬ್ಲಾಕಿಂಗ್‌ಕ್ಯೂ ಒಂದನ್ನು ಇಡಿ. ಪ್ರಿಂಟ್ ಥ್ರೆಡ್ ಟೇಕ್ ಕರೆದು ನಿಲ್ಲುತ್ತದೆ, ಚೀಟಿ ಬಂದಾಗ ಏಳುತ್ತದೆ, ಇಲ್ಲದಾಗ ಸಿಪಿಯು ಮುಟ್ಟುವುದೇ ಇಲ್ಲ. ಕ್ಯೂಗೆ ಹಾಕುವಾಗ ಮಾತ್ರ ಎಚ್ಚರ: ಪ್ರಿಂಟರಿನಲ್ಲಿ ಪೇಪರ್ ಮುಗಿದು ಕ್ಯೂ ತುಂಬಿದ್ದರೆ ಪುಟ್ ಕರೆದವರು ಅಲ್ಲೇ ನಿಲ್ಲಬೇಕಾಗುತ್ತದೆ. ಅದನ್ನು ಕರೆದದ್ದು ಬಟನ್ ಒತ್ತಿದಾಗ ಓಡುವ ಕೋಡಾದರೆ ಪರದೆ ಪೂರ್ತಿ ನಿಂತಿತು. ಅಲ್ಲಿ ಆಫರ್ ಬಳಸಿ. ಅದು ಸುಳ್ಳು ಎಂದು ಹಿಂತಿರುಗಿಸಿದರೆ ‘ಪ್ರಿಂಟರ್ ನೋಡಿ’ ಎಂದು ತೋರಿಸಿ. ಲೆಕ್ಕ ಡೇಟಾಬೇಸಿಗೆ ಹೋದ ಮೇಲೆಯೇ ಚೀಟಿ ಕ್ಯೂಗೆ ಹೋಗಬೇಕು. ಕರೆಂಟ್ ಹೋದರೆ ಕ್ಯೂನಲ್ಲಿದ್ದದ್ದು ಉಳಿಯುವುದಿಲ್ಲ.

ನಿಮ್ಮ ವಿಂಡೋ ಅಲ್ಲಾಡದೇ ಇರುವುದಕ್ಕೂ ಕಾರಣ ಇದೇ. ಜಾವಾದ ವಿಂಡೋ ಲೈಬ್ರರಿ ಸ್ವಿಂಗ್‌ನಲ್ಲಿ ಬಟನ್, ಪರದೆ ಎಲ್ಲವನ್ನೂ ನೋಡಿಕೊಳ್ಳುವುದು ಒಂದೇ ಥ್ರೆಡ್. ಅದರಲ್ಲಿ ಫ್ಯಾಟ್ ಬರಲಿ ಎಂದು 60 ಸೆಕೆಂಡ್ ಸ್ಲೀಪ್ ಹಾಕಿದರೆ ಆ 60 ಸೆಕೆಂಡೂ ಯಾವ ಬಟನ್ನೂ ಕೆಲಸ ಮಾಡುವುದಿಲ್ಲ, ‘ತಡೆ’ ಬಟನ್ ಕೂಡ. ಫ್ಯಾಟ್ ಮಷೀನಿಗೆ ಇಷ್ಟೇ ಹೊತ್ತು ಬೇಕು ಎಂದು ಊಹಿಸಿ ಮಲಗಿಸುವುದೇ ತಪ್ಪು. 45 ಸೆಕೆಂಡಿಗೆ ಬಂದರೆ 15 ಸೆಕೆಂಡ್ ದಂಡ, 62ಕ್ಕೆ ಬಂದರೆ ಆ ಫಲಿತಾಂಶ ಮುಂದಿನವರಿಗೆ. ಫಲಿತಾಂಶವನ್ನು ಇನ್ನೊಂದು ಕ್ಯೂಗೆ ಹಾಕಿ, ಬೇರೆ ಥ್ರೆಡ್ಡಿನಲ್ಲಿ ಪೋಲ್‌ಗೆ 90 ಸೆಕೆಂಡ್ ಮಿತಿ ಕೊಟ್ಟು ಕಾಯಿರಿ. ನಲ್ ಬಂದರೆ ಸಮಯ ಮೀರಿತು ಎಂದರ್ಥ, ಆಗ ಆ ಸ್ಯಾಂಪಲ್ಲನ್ನು ಮತ್ತೆ ಇಡಲು ಹೇಳಿ. ಪರದೆ ಬದಲಿಸುವ ಕೋಡಿನ ಸಾಲುಗಳನ್ನು ಮಾತ್ರ ಇನ್ವೋಕ್‌ಲೇಟರ್ ಮೂಲಕ ಪರದೆಯ ಥ್ರೆಡ್ಡಿಗೆ ಕಳಿಸಿ. ಪ್ರತಿ ತೂಕಕ್ಕೂ ಒಂದು ಸ್ಯಾಂಪಲ್ ನಂಬರ್ ಕೊಟ್ಟು, ಫ್ಯಾಟ್ 4.1, ಎಸ್ಎನ್ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಎಂದು ಬಂದದ್ದನ್ನು ಅದೇ ನಂಬರಿಗೆ ಸೇರಿಸಿ. ಬಂದ ಕ್ರಮವನ್ನು ನೆಚ್ಚಿಕೊಳ್ಳಬೇಡಿ.

ಪ್ರೋಗ್ರಾಂ ಮುಚ್ಚುವಾಗ ಕಾಯುತ್ತಿರುವವರನ್ನು ಎಬ್ಬಿಸಲು ಇಂಟರಪ್ಟ್ ಇದೆ. ವೇಟ್, ಸ್ಲೀಪ್, ಟೇಕ್, ಪೋಲ್ ನಾಲ್ಕೂ ಅದಕ್ಕೆ ಇಂಟರಪ್ಟೆಡ್ ಎಕ್ಸೆಪ್ಷನ್ ಎಸೆಯುತ್ತವೆ. ಆ ಕ್ಯಾಚ್ ಬ್ಲಾಕನ್ನು ಖಾಲಿ ಬಿಡಬೇಡಿ. ಎಕ್ಸೆಪ್ಷನ್ ಬಂದಾಗಲೇ ಇಂಟರಪ್ಟ್ ಗುರುತು ಅಳಿಸಿಹೋಗಿರುತ್ತದೆ, ನೀವೂ ನುಂಗಿದರೆ ಲೂಪ್ ಮತ್ತೆ ಹೋಗಿ ಕಾಯುತ್ತಾ ಕೂರುತ್ತದೆ. ಲೂಪಿನಿಂದ ಹೊರಗೆ ಬನ್ನಿ, ಅಥವಾ ಈಗಿನ ಥ್ರೆಡ್ಡಿನ ಇಂಟರಪ್ಟ್ ಕರೆದು ಗುರುತನ್ನು ಮತ್ತೆ ಹಾಕಿ. ಸೀರಿಯಲ್ ಪೋರ್ಟಿನಿಂದ ಓದುತ್ತಾ ನಿಂತ ಥ್ರೆಡ್ ಇಂಟರಪ್ಟಿಗೆ ಏಳುತ್ತದೆ ಎಂದು ನೆಚ್ಚಬೇಡಿ. ಪೋರ್ಟ್ ತೆರೆಯುವಾಗಲೇ ಓದುವುದಕ್ಕೆ 500 ಮಿಲಿಸೆಕೆಂಡ್ ಟೈಮ್‌ಔಟ್ ಇಡಿ, ಪ್ರತಿ ಸಲ ಹೊರಬಂದಾಗ ‘ಮುಗಿಸಬೇಕೇ’ ಎಂಬ ಫ್ಲಾಗ್ ನೋಡಲಿ. ಪ್ರಿಂಟ್ ಥ್ರೆಡ್ಡಿಗೆ ಇಂಟರಪ್ಟ್ ಬೇಡ, ಕ್ಯೂನಲ್ಲಿ ಉಳಿದ ಚೀಟಿಗಳು ಬಾಕಿಯಾಗುತ್ತವೆ. ಕೊನೆಯಲ್ಲಿ ‘ಮುಗಿಯಿತು’ ಎಂಬ ಗುರುತಿನ ಒಂದು ಚೀಟಿ ಹಾಕಿ, ಜಾಯಿನ್‌ಗೆ 5000 ಮಿಲಿಸೆಕೆಂಡ್ ಕೊಟ್ಟು ಕಾಯಿರಿ. ಜಾಯಿನ್‌ಗೆ 0 ಕೊಟ್ಟರೆ ಮಿತಿಯೇ ಇಲ್ಲದೆ ಕಾಯುತ್ತದೆ, ಅದು ನೆನಪಿರಲಿ.

ಇಷ್ಟಾದರೂ ಎಲ್ಲೋ ನಿಂತುಬಿಟ್ಟರೆ ಊಹೆ ಮಾಡಬೇಡಿ. ಜೆಪಿಎಸ್ ಕಮಾಂಡಿನಿಂದ ಪ್ರೋಸೆಸ್ ನಂಬರ್ ತೆಗೆದು ಜೆಸ್ಟ್ಯಾಕ್‌ಗೆ ಕೊಡಿ. ಪ್ರತಿ ಥ್ರೆಡ್ಡಿನ ಸ್ಥಿತಿ ಬರುತ್ತದೆ: ವೇಟಿಂಗ್ ಎಂದರೆ ಯಾರೋ ಎಬ್ಬಿಸಲಿ ಎಂದು ಕಾಯುತ್ತಿದೆ, ಟೈಮ್ಡ್ ವೇಟಿಂಗ್ ಎಂದರೆ ಮಿತಿ ಇಟ್ಟು ಕಾಯುತ್ತಿದೆ, ಬ್ಲಾಕ್ಡ್ ಎಂದರೆ ಸಿಂಕ್ರೊನೈಸ್ಡ್ ಲಾಕ್ ಬೇರೆಯವರ ಕೈಯಲ್ಲಿದೆ. ಎರಡು ಥ್ರೆಡ್ ಒಂದರ ಲಾಕಿಗೆ ಇನ್ನೊಂದು ಕಾಯುತ್ತಿದ್ದರೆ ಕೊನೆಯಲ್ಲಿ ಡೆಡ್‌ಲಾಕ್ ಎಂದು ಅದೇ ಬರೆದು ತೋರಿಸುತ್ತದೆ. ಇದು ಉಪಯೋಗಕ್ಕೆ ಬರಬೇಕಾದರೆ ಥ್ರೆಡ್‌ಗಳಿಗೆ ‘ತೂಕ’, ‘ಫ್ಯಾಟ್’, ‘ಪ್ರಿಂಟ್’ ಎಂದು ಶುರುವಿನಲ್ಲೇ ಹೆಸರಿಡಿ.

ಡೈರಿಗೆ ಕೊಡುವ ಮುಂಚೆ ಪ್ರಿಂಟರಿನ ವೈರ್ ತೆಗೆದು 60 ಚೀಟಿ ಕಳಿಸಿ ನೋಡಿ. ಫ್ಯಾಟ್ ಮಷೀನು ಆಫ್ ಮಾಡಿ 90 ಸೆಕೆಂಡ್ ಬಿಟ್ಟು ನೋಡಿ. ತಕ್ಕಡಿಯ ಮೇಲೆ 5 ಕೆಜಿ ಬಟ್ಟು ಇಟ್ಟು, ‘ತಡೆ’ ಒತ್ತಿ, ಅದನ್ನು ತೆಗೆದು 2 ಕೆಜಿ ಬಟ್ಟು ಇಟ್ಟು ‘ಮುಂದುವರಿಸು’ ಒತ್ತಿದಾಗ ಒಂದೇ ಒಂದು ಸಲವಾದರೂ 5 ಬಂದರೆ, ಹಳೆಯ ಸಾಲು ಎಲ್ಲೋ ಉಳಿದುಕೊಂಡಿದೆ, ಓದುವ ಥ್ರೆಡ್ಡಿನಿಂದ ಹುಡುಕಲು ಶುರುಮಾಡಿ.