ಬಣವಾಗದಂತೆ ಬಳಗ ಕಟ್ಟುವುದು ಹೇಗೆ?

ಪ್ರಶ್ನೆ: ನಮ್ಮೂರಲ್ಲಿ ಒಂದೇ ಪಕ್ಷದ ಸದಸ್ಯರು ಇಪ್ಪತ್ತು ಮಂದಿ ಇದ್ದೇವೆ. ಬೂತ್ ಸಮಿತಿ ಕಾಗದದಲ್ಲಷ್ಟೇ ಇದೆ. ಚುನಾವಣೆ ಬಂದಾಗ ಮಾತ್ರ ಫೋನ್ ಬರುತ್ತದೆ. ನಮ್ಮಷ್ಟಕ್ಕೆ ತಿಂಗಳಿಗೊಮ್ಮೆ ಸೇರುವ ಬಳಗ ಮಾಡಿಕೊಳ್ಳಬಹುದೇ?
– ಓದುಗರು, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಖಂಡಿತ ಮಾಡಿ. ಆದರೆ ಇಪ್ಪತ್ತೂ ಜನರನ್ನು ಒಮ್ಮೆಗೇ ಕರೆಯಬೇಡಿ. ನಡೆದು ಬರುವಷ್ಟು ದೂರದಲ್ಲಿರುವ ಏಳೆಂಟು ಮಂದಿ ಸಾಕು. ನಮ್ಮಲ್ಲಿ ಮನೆಗಳು ತೋಟದೊಳಗೆ ಚದುರಿವೆ, ಕತ್ತಲಾದ ಮೇಲೆ ಆನೆ ಭಯ. ಹಾಗಾಗಿ ಭಾನುವಾರ ಮೂರಕ್ಕೆ ಶುರು ಮಾಡಿ ನಾಲ್ಕೂವರೆಗೆ ಮುಗಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಆಗ ಸಭೆ ಇಟ್ಟರೆ ಇಬ್ಬರು ಬರುತ್ತಾರೆ, ಮುಂದಿನ ತಿಂಗಳು ಅವರೂ ಬರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಬರುವ ಕೊಡವರ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಆರಂಭಿಸುವುದು ಒಳ್ಳೆಯದು.

ಜಾಗದ ಬಗ್ಗೆ ಎಚ್ಚರ ಇರಲಿ. ತೋಟದ ಮಾಲೀಕರ ಜಗಲಿಯಲ್ಲಿ ಸೇರಿದರೆ ಲೈನ್‌ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಬಂದವರು ಬಾಗಿಲ ಬಳಿ ನಿಂತೇ ಇರುತ್ತಾರೆ, ಬಾಯಿ ಬಿಡುವುದಿಲ್ಲ. ಅಂಥ ಬಳಗದಲ್ಲಿ ನಾಲ್ಕು ಜನರ ಅಭಿಪ್ರಾಯವೇ ಊರಿನ ಅಭಿಪ್ರಾಯ ಆಗಿಬಿಡುತ್ತದೆ. ಅಂಗನವಾಡಿ, ಸರ್ಕಾರಿ ಶಾಲೆಯಲ್ಲಿ ಪಕ್ಷದ ಸಭೆ ಬೇಡವೇ ಬೇಡ. ಚಹಾ ಅಂಗಡಿಯ ಹಿಂದಿನ ಕೋಣೆ ಆದೀತು, ಎಲ್ಲರೂ ಒಂದೇ ಎತ್ತರದ ಬೆಂಚಿನಲ್ಲಿ ಕೂರಬಹುದು.

ಒಂದು ನೋಟ್‌ಬುಕ್ ಇಡಿ. ತಾರೀಕು, ಬಂದವರ ಹೆಸರು, ತೀರ್ಮಾನ, ಮಾಡುವವರು ಯಾರು, ಯಾವ ದಿನದೊಳಗೆ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಗಟ್ಟಿಯಾಗಿ ಓದಿ. ಬರೆಯುವ ಕೆಲಸ ಮೂರು ತಿಂಗಳಿಗೊಮ್ಮೆ ಕೈ ಬದಲಾಗಲಿ. ವಾಟ್ಸ್‌ಆ್ಯಪ್ ಗ್ರೂಪನ್ನು ಸಭೆಯ ದಿನ, ಸಮಯ ತಿಳಿಸಲು ಮಾತ್ರ ಬಳಸಿ; ವಾದಕ್ಕೆ ಇಳಿದರೆ ಸಭೆಗೆ ಬರುವ ಜನ ಕಡಿಮೆಯಾಗುತ್ತಾರೆ.

ಮೊದಲ ಕೆಲಸವಾಗಿ ಮತದಾರರ ಪಟ್ಟಿ ಹಿಡಿಯಿರಿ. ಕಾರ್ಮಿಕರು ತೋಟ ಬದಲಾಯಿಸುತ್ತಾರೆ, ಹೆಸರು ಹಳೆಯ ಬೂತಿನಲ್ಲೇ ಉಳಿಯುತ್ತದೆ. ಸ್ಥಳಾಂತರಕ್ಕೂ ತಿದ್ದುಪಡಿಗೂ ನಮೂನೆ 8, ಹೊಸ ಸೇರ್ಪಡೆಗೆ ನಮೂನೆ 6. ಹದಿನೆಂಟು ತುಂಬಿದವರಿಗೆ ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹಾಡಿಯ (ಆದಿವಾಸಿಗಳ ವಸತಿ) ಮನೆಗಳಿಗೆ ಹೋಗುವುದನ್ನು ಮರೆಯಬೇಡಿ, ಅಲ್ಲಿ ಯಾರು ಬಿಟ್ಟುಹೋಗಿದ್ದಾರೆಂದು ಕೇಳುವವರೇ ಕಡಿಮೆ.

ಪ್ರಶ್ನೆ: ‘ಪ್ರತ್ಯೇಕ ಸಭೆ ಪಕ್ಷವಿರೋಧಿ, ನೋಟಿಸ್ ಬರುತ್ತದೆ’ ಎಂದು ಮೇಲಿನವರು ಹೇಳುತ್ತಿದ್ದಾರೆ. ಖರ್ಚಿಗೆ ಚಂದಾ ಎತ್ತಬಹುದೇ?

ಉತ್ತರ: ಪಕ್ಷಾಂತರ ನಿಷೇಧ ಕಾನೂನು ಶಾಸಕರು, ಸಂಸದರಂಥ ಚುನಾಯಿತರಿಗೆ ಮಾತ್ರ; ಸಾಮಾನ್ಯ ಸದಸ್ಯರಿಗೆ ಅನ್ವಯಿಸುವುದು ಪಕ್ಷದ ಸ್ವಂತ ನಿಯಮಾವಳಿ. ಅದನ್ನು ತರಿಸಿ ಶಿಸ್ತಿನ ಭಾಗ ಓದಿ. ಮೊದಲ ಸಭೆಗೆ ಮುನ್ನವೇ ಬೂತ್ ಹಾಗೂ ಬ್ಲಾಕ್ ಅಧ್ಯಕ್ಷರಿಗೆ ಆಹ್ವಾನ ಪತ್ರ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಸಹಿ ಪಡೆಯಿರಿ. ಪಕ್ಷದ ಲೆಟರ್‌ಹೆಡ್, ಸೀಲು ಮುಟ್ಟಬೇಡಿ, ಪತ್ರಿಕಾ ಹೇಳಿಕೆ ಕೊಡಬೇಡಿ. ಬಳಗಕ್ಕೆ ಯಾವ ನಾಯಕರ ಹೆಸರನ್ನೂ ಇಡಬೇಡಿ: ಟಿಕೆಟ್ ಹಂಚುವ ಕಾಲಕ್ಕೆ ಅದು ಅವರ ಬಣ ಎನಿಸಿಕೊಳ್ಳುತ್ತದೆ, ಅವರು ಪಕ್ಷ ಬಿಟ್ಟರೆ ನಿಮ್ಮ ಕೆಲಸವೂ ಜೊತೆಗೇ ಹೋಗುತ್ತದೆ.

ಚಂದಾ ಬೇಡ. ಚಹಾದ ಖರ್ಚನ್ನು ಅಲ್ಲೇ ಹಂಚಿಕೊಂಡು ಮುಗಿಸಿ, ಹಣ ಉಳಿಸಿಕೊಳ್ಳಬೇಡಿ. ಪಕ್ಷಕ್ಕೆ ದೇಣಿಗೆ ಕೊಡುವವರಿದ್ದರೆ ಅಧಿಕೃತ ಘಟಕಕ್ಕೆ ಕಳಿಸಿ, ರಸೀದಿ ಪಡೆಯಲಿ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡುವಂತಿಲ್ಲ.

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆಗೆ ಬಳಗದಿಂದ ಅಭ್ಯರ್ಥಿ ಹಾಕಬಹುದೇ?

ಉತ್ತರ: ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ನಿಮ್ಮವರೊಬ್ಬರು ನಿಲ್ಲಬಹುದು, ನೀವು ಮನೆಮನೆಗೆ ಹೋಗಿ ಕೇಳಬಹುದು, ಆದರೆ ಕರಪತ್ರದಲ್ಲಿ ಪಕ್ಷದ ಹೆಸರು, ಚಿಹ್ನೆ, ಬಾವುಟ ಇರಬಾರದು. ಒಂದೇ ವಾರ್ಡಿಗೆ ಬಳಗದ ಇಬ್ಬರು ಆಸೆಪಟ್ಟರೆ ನಾಮಪತ್ರದ ಮೊದಲೇ ಕೂರಿಸಿ ಮಾತಾಡಿಸಿ. ಒಪ್ಪದಿದ್ದರೆ ಬಳಗ ಯಾರ ಪರವೂ ನಿಲ್ಲದಿರಲಿ, ಎಣಿಕೆ ಮುಗಿದ ಮೊದಲ ಭಾನುವಾರ ಇಬ್ಬರನ್ನೂ ಸಭೆಗೆ ಕರೆಯಿರಿ.